ಕುಂಡದ ಗಿಡದ ಋಣ

ಪುಣೆಯಲ್ಲಿ ಜನವರಿ ಕೊನೆಯ ಹೊತ್ತಿಗೆ ಎಂಪ್ರೆಸ್ ಗಾರ್ಡನ್ನಿನ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಅಲ್ಲಿಂದ ಹಿಡಿದು ಗುಡಿ ಪಾಡವಾ, ಅಂದರೆ ನಮ್ಮ ಯುಗಾದಿ, ಬರುವ ತನಕ ಇಲ್ಲಿನ ನರ್ಸರಿಗಳಲ್ಲಿ ಭಾನುವಾರ ಕಾಲಿಡಲು ಜಾಗವಿರುವುದಿಲ್ಲ. ನನ್ನಂಥವರೇ ಹೆಚ್ಚು. ವಾರವಿಡೀ ಕೊರಳಲ್ಲಿ ಐಡಿ ಕಾರ್ಡು ನೇತುಹಾಕಿಕೊಂಡು ತಿರುಗುವವರು, ಭಾನುವಾರ ಒಂದು ಕೈಯಲ್ಲಿ ಗಿಡ, ಇನ್ನೊಂದರಲ್ಲಿ ಎರೆಗೊಬ್ಬರದ ಚೀಲ ಹಿಡಿದು ಕಾರಿನ ಡಿಕ್ಕಿಯತ್ತ ನಡೆಯುತ್ತಿರುತ್ತೇವೆ. ಗಿಡ ಬದುಕಿದರೆ ಸಂತೋಷ. ಸತ್ತರೆ ಮುಂದಿನ ವಸಂತಕ್ಕೆ ಇನ್ನೊಂದು. ಎಂಬತ್ತೋ ನೂರೋ ರೂಪಾಯಿಯ ಮಾತು.

ಆ ‘ಇನ್ನೊಂದು’ ಎಂಬ ಪದವನ್ನು ನಾನೂ ಬಹಳ ವರ್ಷ ಸಲೀಸಾಗಿ ಆಡುತ್ತಿದ್ದೆ. ಕಳೆದ ವರ್ಷದ ಮಾರ್ಚ್ ಆದಮೇಲೆ ಅದು ಬಾಯಿಗೆ ಸುಲಭವಾಗಿ ಬರುತ್ತಿಲ್ಲ.

ನಮ್ಮದು ವಾಕಡ್‌ನಲ್ಲಿ ಏಳನೇ ಮಹಡಿಯ ಮನೆ, ಉತ್ತರಕ್ಕೆ ಬಾಲ್ಕನಿ. ಆಗ ಹದಿನಾಲ್ಕು ಕುಂಡಗಳಿದ್ದವು. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಜರೀಗಿಡ, ತುಳಸಿ, ಒಂದಿಷ್ಟು ಬಣ್ಣದೆಲೆಯ ಗಿಡಗಳು. ಇವೆಲ್ಲ ನಾವು ಕೊಂಡು ತಂದವು. ಕೊಳ್ಳದೆ ಬಂದದ್ದು ಒಂದೇ, ಅವ್ವನ ಮಲ್ಲಿಗೆ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಹೂವಿನ ಹಡಗಲಿಯಿಂದ ಕರೆತಂದಾಗ, ಆಕೆ ಎರಡು ಚೀಲ ಬಟ್ಟೆಯ ಜೊತೆ ಹಿತ್ತಲಿನ ಮಲ್ಲಿಗೆಯ ಒಂದು ಸಸಿಯನ್ನು ಹಳೆಯ ಎಣ್ಣೆ ಡಬ್ಬಿಯಲ್ಲಿ ನೆಟ್ಟು, ದಾರಿಯುದ್ದಕ್ಕೂ ಕಾಲ ಬಳಿ ಇಟ್ಟುಕೊಂಡು ಬಂದಿದ್ದಳು. ನಮ್ಮೂರಿನ ಹೆಸರೇ ಹೂವಿನಿಂದ ಬಂದದ್ದು. ವಿಜಯನಗರದ ಕಾಲದಲ್ಲಿ ಇಲ್ಲಿಂದ ಹಂಪಿಗೆ ಹೂವು ಹೋಗುತ್ತಿತ್ತು ಎಂಬುದು ಊರಿನ ನಂಬಿಕೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಆದರೆ ನಮ್ಮ ಬಾಲ್ಕನಿಯಲ್ಲಿ ಅದು ಎಲೆ ಬಿಟ್ಟಿತೇ ಹೊರತು ಮೊಗ್ಗು ಬಿಡಲಿಲ್ಲ. ಮಲ್ಲಿಗೆಗೆ ದಿನಕ್ಕೆ ಐದಾರು ತಾಸು ನೇರ ಬಿಸಿಲು ಬೇಕು. ಉತ್ತರದ ಬಾಲ್ಕನಿಗೆ ಚಳಿಗಾಲವಿಡೀ ಬಿಸಿಲೇ ಇಲ್ಲ. ಮಾರ್ಚ್ 21 ದಾಟಿ ಸೂರ್ಯ ಉತ್ತರಕ್ಕೆ ಸರಿದ ಮೇಲೆ ಬೆಳಗ್ಗೆ, ಸಂಜೆ ಒಂದು ಓರೆ ಬಿಸಿಲು ಬೀಳುತ್ತದೆ, ಅಷ್ಟೇ. ಅವ್ವ ಆ ತುಂಡು ಬಿಸಿಲಿನ ಹಿಂದೆ ಡಬ್ಬಿಯನ್ನು ಸರಿಸುತ್ತ ಇರುತ್ತಿದ್ದಳು.

ಕಳೆದ ವರ್ಷ ಮಾರ್ಚ್ ಕೊನೆಗೆ ದೆಹಲಿಯಲ್ಲಿ ನನಗೆ ಕೆಲಸ ಬಿತ್ತು. ಮಗಳ ಪರೀಕ್ಷೆಯೂ ಮುಗಿದಿತ್ತು. ಹೆಂಡತಿ, ಮಗಳನ್ನೂ ಕರೆದುಕೊಂಡು ಹೊರಟೆ. ಅವ್ವ ದಾವಣಗೆರೆಗೆ, ತಂಗಿಯ ಮನೆಗೆ ಹೋದಳು. ಒಟ್ಟು ಹನ್ನೊಂದು ದಿನ. ಗಿಡಗಳಿಗೆ? ನಲ್ಲಿಗೆ ಬ್ಯಾಟರಿಯ ಟೈಮರು, ಅದರಿಂದ ಪ್ರತಿ ಕುಂಡಕ್ಕೂ ಸಣ್ಣ ಹನಿ ನೀರಾವರಿ ಕೊಳವೆ. ನಾನೇ ಜೋಡಿಸಿದ್ದು. ಬೆಳಗ್ಗೆ ಆರಕ್ಕೆ ಮೂರು ನಿಮಿಷ, ಸಂಜೆ ಆರಕ್ಕೆ ಮೂರು ನಿಮಿಷ. ಒಂದು ವಾರ ಪರೀಕ್ಷಿಸಿ ನೋಡಿದ್ದೆ, ಚೆನ್ನಾಗಿ ನಡೆದಿತ್ತು. ಬ್ಯಾಟರಿ ಹಳೆಯದು ಎಂಬುದೊಂದು ಮಾತ್ರ ನೆನಪಾಗಲಿಲ್ಲ.

ವಾಪಸು ಬಂದಾಗ ಪುಣೆಯ ಮಧ್ಯಾಹ್ನ 37 ಡಿಗ್ರಿ ಮುಟ್ಟಿತ್ತು. ಆರು ಗಿಡ ಸತ್ತಿದ್ದವು. ಜರೀಗಿಡವನ್ನು ಮುಟ್ಟಿದರೆ ಪುಡಿಯಾಗುತ್ತಿತ್ತು. ಸ್ನೇಕ್ ಪ್ಲಾಂಟಿಗೆ ಏನೂ ಆಗಿರಲಿಲ್ಲ. ಮನಿ ಪ್ಲಾಂಟ್ ಜೋತುಬಿದ್ದಿತ್ತು, ನೀರು ಕಂಡು ಎರಡು ದಿನಕ್ಕೆ ಎದ್ದಿತು. ಮಲ್ಲಿಗೆಯಲ್ಲಿ ಒಂದೂ ಹಸಿರೆಲೆ ಇರಲಿಲ್ಲ.

ಮರುವಾರ ಅವ್ವ ಬಂದಳು. ಬೈಯಲಿಲ್ಲ. ಮಲ್ಲಿಗೆಯ ಕಡ್ಡಿಯನ್ನು ಉಗುರಿನಿಂದ ಕೆರೆದು ನೋಡಿದಳು. ಬುಡದ ಹತ್ತಿರ ಸಿಪ್ಪೆಯ ಒಳಗೆ ಇನ್ನೂ ಹಸಿರಿತ್ತು. ಗೇಣುದ್ದ ಬಿಟ್ಟು ಮೇಲಿನದೆಲ್ಲ ಕತ್ತರಿಸಿದಳು. ಆಮೇಲೆ ಕೇಳಿದಳು: “ನೀರು ಹಾಕ್ರಿ ಅಂತ ಯಾರಿಗಾದ್ರೂ ಹೇಳಿ ಹೋಗಿದ್ದೇನು?”

“ಮಷೀನ್ ಇತ್ತಲ್ಲವ್ವಾ.”

“ಮಷೀನಿಗೆ ಬಾಯಾರಿಕಿ ಗೊತ್ತೈತೇನು?”

ಆಫೀಸಿನಲ್ಲಿ ಏನಾದರೂ ಕೆಟ್ಟರೆ ನಾವು ಮೂಲ ಕಾರಣದ ವರದಿ ಬರೆಯುತ್ತೇವೆ. ಅಲ್ಲಿ ‘ಯಾರು’ ಎಂದು ಕೇಳಬಾರದು, ‘ಯಾಕೆ’ ಎಂದು ಮಾತ್ರ ಕೇಳಬೇಕು ಎಂಬುದು ನಿಯಮ. ಒಳ್ಳೆಯ ನಿಯಮವೇ. ಆ ಪ್ರಕಾರ ನನ್ನ ವರದಿ ಒಂದು ಸಾಲಿನದು: ಬ್ಯಾಟರಿ ಬದಲಾಯಿಸಿರಲಿಲ್ಲ. ಅವ್ವನ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರವಿಲ್ಲ. ಆಕೆ ಕೇಳಿದ್ದು ಬ್ಯಾಟರಿಯ ಬಗ್ಗೆ ಅಲ್ಲ, ಹೊಣೆಯ ಬಗ್ಗೆ. ಒಂದು ಗಿಡಕ್ಕೆ ನಾವು ಏನಾದರೂ ಕೊಡಬೇಕಾದದ್ದು ಇದೆಯೇ? ಇದ್ದರೆ ಯಾಕೆ?

ಮೊದಲು ನನಗೆ ಹೊಳೆದ ಉತ್ತರ ಲೇವಾದೇವಿಯದು. ಗಿಡ ನಮಗೆ ಶುದ್ಧ ಗಾಳಿ ಕೊಡುತ್ತದೆ, ಬದಲಿಗೆ ನಾವು ನೀರು ಕೊಡಬೇಕು. ಆದರೆ ಈ ಲೆಕ್ಕ ನಿಲ್ಲುವುದಿಲ್ಲ. ಮನೆಯೊಳಗಿನ ಗಿಡ ಗಾಳಿಯ ವಿಷ ಹೀರುತ್ತದೆ ಎಂಬ ಮಾತಿಗೆ ಮೂಲ 1989ರ ನಾಸಾದ ಒಂದು ಪ್ರಯೋಗ. ಅದು ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದ ಅಮೆರಿಕದ ಇಬ್ಬರು ಸಂಶೋಧಕರು 2019ರಲ್ಲಿ ಹೇಳಿದ್ದು ಬೇರೆಯೇ. ಸಾಮಾನ್ಯ ಕಟ್ಟಡದಲ್ಲಿ ಗಾಳಿ ತಾನಾಗಿ ಬದಲಾಗುವುದರಿಂದ ಸಿಗುವ ಲಾಭವನ್ನು ಗಿಡಗಳಿಂದ ಪಡೆಯಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು. ನಮ್ಮ ಹಾಲಿನಲ್ಲಿ ಮನುಷ್ಯರು ನಿಲ್ಲಲು ಜಾಗ ಇರುವುದಿಲ್ಲ. ಕಿಟಕಿ ತೆರೆದರೆ ಸಾಕು. ಹಾಗಾಗಿ ಆ ನಾಲ್ಕು ಕುಂಡಗಳು ನಮಗೆ ಸಾಲ ಕೊಟ್ಟಿಲ್ಲ. ನಾವು ತಂದದ್ದು ನಮ್ಮ ಕಣ್ಣಿನ ಸುಖಕ್ಕೆ.

ಎರಡನೆಯ ಉತ್ತರ, ಗಿಡಕ್ಕೂ ನೋವಿದೆ ಎಂಬುದು. ಗಿಡಗಳು ಬೆಳಕಿಗೆ, ಸ್ಪರ್ಶಕ್ಕೆ, ಗಾಯಕ್ಕೆ ಪ್ರತಿಕ್ರಿಯಿಸುತ್ತವೆ. ಜಗದೀಶಚಂದ್ರ ಬೋಸರು ನೂರು ವರ್ಷಕ್ಕೂ ಹಿಂದೆ ಅದನ್ನು ಅಳೆಯುವ ಯಂತ್ರಗಳನ್ನೇ ಮಾಡಿದ್ದರು. ಆದರೆ ಗಿಡಕ್ಕೆ ನರವಿಲ್ಲ, ಮೆದುಳಿಲ್ಲ. ಪ್ರತಿಕ್ರಿಯೆಯನ್ನು ನೋವು ಎಂದು ಕರೆಯಲು ನನಗೆ ಧೈರ್ಯವಿಲ್ಲ. ಊಟಕ್ಕೆ ಕೂತಾಗ ಒಬ್ಬ ಸಹೋದ್ಯೋಗಿಗೆ ಇದನ್ನೆಲ್ಲ ಹೇಳಿದೆ. ಅವನು ತನ್ನ ಡಬ್ಬಿಯ ಮೆಂತ್ಯ ಪಲ್ಯ ತೋರಿಸಿ, “ಹಾಗಾದರೆ ಇದು ಕೊಲೆಯೇ?” ಅಂದ. ನಗೆಯಾಟದ ಮಾತು, ಆದರೆ ಉತ್ತರ ಕೊಡದೆ ದಾಟುವ ಹಾಗಿಲ್ಲ. ದಿನವೂ ಸೊಪ್ಪು ತಿನ್ನುವ ನಾನು ಒಣಗಿದ ಜರೀಗಿಡಕ್ಕೆ ಯಾಕೆ ಮರುಗಬೇಕು?

ಕೆಲವು ದಿನ ತಲೆ ಕೆಡಿಸಿಕೊಂಡ ಮೇಲೆ ನನಗೆ ಹೊಳೆದದ್ದು ಇಷ್ಟು. ಋಣ ಹುಟ್ಟುವುದು ಗಿಡದ ಗುಣದಿಂದ ಅಲ್ಲ, ಕುಂಡದಿಂದ.

ನೆಲದಲ್ಲಿರುವ ಬೇವಿನ ಮರಕ್ಕೆ ನಾನು ನೀರು ಹಾಕದಿದ್ದರೆ ಯಾರೂ ನನ್ನನ್ನು ಕೇಳಲಾರರು. ಅದರ ಬೇರು ಅದರ ದಾರಿ ನೋಡಿಕೊಳ್ಳುತ್ತದೆ. ಮೇಲೆ ಒಣಗಿದ್ದರೆ ಆಳಕ್ಕೆ ಇಳಿಯುತ್ತದೆ, ಪಕ್ಕದಲ್ಲಿ ತೇವವಿದ್ದರೆ ಅತ್ತ ಸರಿಯುತ್ತದೆ. ಆರು ಇಂಚಿನ ಕುಂಡದಲ್ಲಿ ಹಿಡಿಸುವುದು ಎರಡು ಲೀಟರಿನ ಆಸುಪಾಸು ಮಣ್ಣು. ಅದರೊಳಗೆ ಬೇರು ಎಷ್ಟು ಹುಡುಕಿದರೂ ಸಿಗುವುದು ಗೋಡೆ. ಕಳೆದ ವಸಂತದಲ್ಲಿ ಕುಂಡ ಬದಲಿಸಿದವರು ನೋಡಿಯೇ ಇರುತ್ತೀರಿ, ಹಳೆಯ ಕುಂಡದಿಂದ ಎಳೆದ ಗಿಡದ ಬೇರುಗಳು ಗೋಡೆಗುಂಟ ಸುತ್ತು ಸುತ್ತು ಹಾಕಿ ಸಿಂಬಿಯ ಹಾಗೆ ಸುತ್ತಿಕೊಂಡಿರುತ್ತವೆ. ಕುಂಡದಲ್ಲಿಟ್ಟ ಕ್ಷಣ ಆ ಗಿಡದ ಬೇರೆಲ್ಲ ದಾರಿಗಳನ್ನು ಮುಚ್ಚಿದವನು ನಾನು. ಮಳೆ ಬಂದರೂ ಏಳನೇ ಮಹಡಿಯ ಬಾಲ್ಕನಿಯ ಒಳಮೂಲೆಗೆ ತಲುಪುವುದಿಲ್ಲ. ಎಲ್ಲ ದಾರಿ ಮುಚ್ಚಿದ ಮೇಲೆ ಉಳಿದಿರುವ ಒಂದೇ ದಾರಿ ನಾನು. ಆ ದಾರಿಯೂ ಹನ್ನೊಂದು ದಿನ ದೆಹಲಿಗೆ ಹೋಗಿಬಿಟ್ಟರೆ ಅದನ್ನು ಆಕಸ್ಮಿಕ ಎನ್ನಲಾಗುವುದಿಲ್ಲ. ಮೆಂತ್ಯ ಬೆಳೆದು ತಿನ್ನುವವನು ಅದನ್ನು ಬೆಳೆಯುವಷ್ಟು ದಿನ ನೀರು ಹಾಕಿಯೇ ಬೆಳೆಸಿರುತ್ತಾನೆ, ಉಪಯೋಗಿಸಿಕೊಳ್ಳುತ್ತಾನೆ. ಉಪಯೋಗಿಸಿಕೊಳ್ಳುವುದು ಬೇರೆ, ಕೈಬಿಡುವುದು ಬೇರೆ. ಸಹೋದ್ಯೋಗಿಗೆ ನಾನು ಕೊಟ್ಟ ಉತ್ತರ ಇದು. ಅವನು ಪೂರ್ತಿ ಒಪ್ಪಲಿಲ್ಲ.

ಹಾಗಾದರೆ ಋಣ ತೀರಿಸುವುದು ಹೇಗೆ? ಹೆಚ್ಚು ಪ್ರೀತಿಯಿಂದ ಎಂದು ಹೇಳುವುದು ಸುಲಭ. ಆದರೆ ಮನೆಯೊಳಗಿನ ಗಿಡಗಳು ಬಾಯಾರಿಕೆಗಿಂತ ಹೆಚ್ಚಾಗಿ ಅತಿನೀರಿನಿಂದಲೇ ಸಾಯುತ್ತವೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲಿ ಸದಾ ನೀರು ತುಂಬಿದ್ದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರಲಾರದೆ ಎಲೆ ಬಾಡುತ್ತದೆ. ಬಾಡಿದ್ದು ನೋಡಿ ನಾವು ಇನ್ನೊಂದು ಚೊಂಬು ಸುರಿಯುತ್ತೇವೆ. ಎಲೆ ಬಾಡಿದಾಗಲೆಲ್ಲ ಕಾರಣ ನೀರಿನ ಕೊರತೆಯಲ್ಲ ಎಂಬುದು ನನಗೆ ಗೊತ್ತಾಗಲು ಮೂರು ಗಿಡ ಬೇಕಾದವು. ಬೆಳಕಿನದೂ ಇದೇ ಕಥೆ. ಕಿಟಕಿಯಿಂದ ಆರೇಳು ಅಡಿ ಒಳಗೆ ಬಂದರೆ ಉಳಿಯುವುದು ಕಿಟಕಿಯ ಬಳಿಯ ಬೆಳಕಿನ ಒಂದು ಸಣ್ಣ ಪಾಲು. ನಮ್ಮ ಕಣ್ಣು ಕತ್ತಲಿಗೆ ಹೊಂದಿಕೊಳ್ಳುವುದರಿಂದ ನಮಗೆ ಅದು ತಿಳಿಯುವುದಿಲ್ಲ. ಸೋಫಾದ ಪಕ್ಕ ಚೆಂದ ಕಾಣುತ್ತದೆಂದು ಇಟ್ಟ ಗಿಡ ಹಸಿವಿನಲ್ಲಿರುತ್ತದೆ.

ಅವ್ವನಿಗೆ ಟೈಮರು ಬೇಕಿಲ್ಲ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ತೂರಿಸುತ್ತಾಳೆ. ತಂಪು ತಗುಲಿದರೆ ಮುಂದಿನ ಕುಂಡಕ್ಕೆ ಹೋಗುತ್ತಾಳೆ, ಇಲ್ಲದಿದ್ದರೆ ಕೆಳಗಿನ ತೂತಿನಿಂದ ಹರಿಯುವವರೆಗೆ ನೀರು ಹಾಕುತ್ತಾಳೆ. ಕೊಡುವ ಮೊದಲು ಕೇಳುವುದು ಎಂದರೆ ಇದೇ ಇರಬೇಕು. ನನ್ನ ಟೈಮರು ಬ್ಯಾಟರಿ ಇದ್ದಾಗಲೂ ಕೇಳುತ್ತಿರಲಿಲ್ಲ, ಬರೀ ಕೊಡುತ್ತಿತ್ತು.

ಇನ್ನೂ ಒಂದು ವಿಷಯ ಇದೆ. ಮನಿ ಪ್ಲಾಂಟ್ ಮೂಲತಃ ಪೆಸಿಫಿಕ್ ಸಾಗರದ ಒಂದು ದ್ವೀಪದ ಬಳ್ಳಿ. ನೆಲಕ್ಕೆ ಬಿಟ್ಟು ದೊಡ್ಡ ಮರ ಹತ್ತಲು ಕೊಟ್ಟರೆ ಅದರ ಒಂದೊಂದು ಎಲೆಯೂ ಮೊಳ ದಾಟಿ ಬೆಳೆದು, ಅಂಚು ಸೀಳಿಕೊಂಡು, ಬೇರೆ ಗಿಡವೋ ಎನಿಸುತ್ತದೆ. ನಮ್ಮ ಬಾಟಲಿಯಲ್ಲಿ, ಕುಂಡದಲ್ಲಿ ಇರುವುದು ಅದರ ಎಳೆತನದ ರೂಪ. ಹತ್ತು ವರ್ಷ ಚೆನ್ನಾಗಿ ನೋಡಿಕೊಂಡರೂ ಅದು ಎಳೆಯದಾಗಿಯೇ ಉಳಿಯುತ್ತದೆ. ಇದನ್ನು ತಿಳಿದ ಮೇಲೆ ಸಾಲುಮರದ ತಿಮ್ಮಕ್ಕನವರು ನೆನಪಾದರು. ಹುಲಿಕಲ್‌ನಿಂದ ಕುದೂರಿನ ರಸ್ತೆಯುದ್ದಕ್ಕೂ ಅವರು ಮತ್ತು ಅವರ ಗಂಡ ಚಿಕ್ಕಯ್ಯನವರು ಆಲದ ಸಸಿ ನೆಟ್ಟರು, ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದರು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಆದರೆ ಆ ದುಡಿಮೆಗೆ ಒಂದು ಕೊನೆಯಿತ್ತು. ಬೇರು ಇಳಿದ ಮೇಲೆ ಆಲಕ್ಕೆ ತಿಮ್ಮಕ್ಕನವರ ಬಿಂದಿಗೆ ಬೇಕಾಗಲಿಲ್ಲ. ನೋಡಿಕೊಳ್ಳುವುದರಲ್ಲಿ ಹಾಗಾದರೆ ಎರಡು ಬಗೆ. ಒಂದು, ನಮ್ಮ ಅಗತ್ಯವೇ ಇಲ್ಲದಂತೆ ಬೆಳೆಸುವುದು. ಇನ್ನೊಂದು, ನಮ್ಮ ಅಗತ್ಯ ಎಂದೂ ಮುಗಿಯದಂತೆ ಇಟ್ಟುಕೊಳ್ಳುವುದು. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ, ಎರಡರಲ್ಲೂ ಕೈಯಲ್ಲಿ ನೀರಿನ ಪಾತ್ರೆ ಇರುತ್ತದೆ.

ಇಲ್ಲಿಗೆ ಬಂದಾಗ ಯೋಚನೆ ತಾನಾಗಿ ಅವ್ವನ ಕಡೆ ತಿರುಗಿತು. ತಿರುಗಿಸಬಾರದು ಎಂದುಕೊಂಡರೂ ತಿರುಗಿತು.

ಅವ್ವನಿಗೆ ಇಲ್ಲಿ ಏನು ಕಡಿಮೆ? ಸ್ವಂತ ಕೋಣೆ, ಕನ್ನಡದ ಚಾನೆಲ್ಲು, ಬಿ.ಪಿ. ಮಾತ್ರೆಗೆ ದಿನದ ಹೆಸರಿರುವ ಡಬ್ಬಿ, ಲಿಫ್ಟು. ಆಕೆಗೆ ಬೇಕಾದದ್ದೆಲ್ಲ ನನ್ನ ಮೂಲಕ ಬರುತ್ತಿತ್ತು. ಆ ‘ನನ್ನ ಮೂಲಕ’ ಎಂಬುದನ್ನು ನಾನು ಸೇವೆ ಎಂದುಕೊಂಡಿದ್ದೆ. ಈ ವರ್ಷ ಫೆಬ್ರವರಿಯಲ್ಲಿ ಹಡಗಲಿಯ ಮನೆಗೆ ಕೊಳ್ಳುವವರು ಬಂದರು, ಒಳ್ಳೆಯ ಬೆಲೆ. ಖಾಲಿ ಮನೆ, ಹಂಚು ಒಡೆದಿದೆ, ಮಳೆಗಾಲಕ್ಕೊಮ್ಮೆ ರಿಪೇರಿ. ಮಾರಿಬಿಡೋಣ ಎಂದು ನಾನೂ ತಂಗಿಯೂ ಮಾತಾಡಿಕೊಂಡಿದ್ದೆವು. ಅವ್ವನಿಗೆ ಹೇಳುವಾಗ ಸ್ವಲ್ಪ ಅಳುಕಿನಿಂದಲೇ, ಈ ಕುಂಡದ ವಿಚಾರವನ್ನೆಲ್ಲ ಸೇರಿಸಿ ಹೇಳಿದೆ. “ನಿನ್ನನ್ನು ಕಿತ್ತು ತಂದು ಕುಂಡದಲ್ಲಿಟ್ಟ ಹಾಗೆ ಆಗಿದೆ ಅಂತ ನನಗೂ ಗೊತ್ತವ್ವಾ. ಅದಕ್ಕೇ ಇನ್ನೂ ಚೆನ್ನಾಗಿ ನೋಡಿಕೊಳ್ಳಬೇಕು ಅಂತಿದೀನಿ.”

ಅವ್ವ ಮಲ್ಲಿಗೆ ಕಟ್ಟುತ್ತಿದ್ದವಳು ತಲೆಯೆತ್ತಿದಳು. “ನಾ ಯಾಕ ಕುಂಡದ ಗಿಡ ಆಗ್ಲಿ? ಗಿಡಕ್ಕ ಕಾಲಿಲ್ಲ. ನನಗ ಅದಾವ. ಮನಿ ಕೀಲಿ ಕೊಡು, ನಾ ಹೋಗಿ ಬರ್ತೀನಿ.”

ಆಕೆ ಕಟ್ಟುತ್ತಿದ್ದ ಆ ಮಲ್ಲಿಗೆ ಎಲ್ಲಿಯದು ಎಂದು ಹೇಳಬೇಕು. ಗೇಣುದ್ದಕ್ಕೆ ಕತ್ತರಿಸಿದ ಸಸಿ ಮೂರು ವಾರಕ್ಕೆ ಚಿಗುರಿತ್ತು. ನಮ್ಮ ಸೊಸೈಟಿಯ ಮಾಲಿ ಅಕ್ಕಲಕೋಟೆ ತಾಲ್ಲೂಕಿನವರು, ಮನೆಮಾತು ಕನ್ನಡ. ಐದು ವರ್ಷದಿಂದ ಅವರಿಗೆ ನಮಸ್ಕಾರ ಹೇಳುತ್ತ ಬಂದ ನನಗೆ ಅದು ಗೊತ್ತಿರಲಿಲ್ಲ. ಅವ್ವ ಬಂದ ಎರಡನೇ ತಿಂಗಳಿಗೇ ಗೊತ್ತುಮಾಡಿಕೊಂಡಿದ್ದಳಂತೆ. ಕಳೆದ ಜೂನಿನಲ್ಲಿ ಮೊದಲ ಮಳೆ ಬಿದ್ದ ಮೇಲೆ ಇಬ್ಬರೂ ಸೇರಿ ಪಂಪ್‌ಹೌಸಿನ ಹಿಂದೆ, ದಿನವಿಡೀ ಬಿಸಿಲು ಬೀಳುವ ಕಡೆ, ಅದನ್ನು ನೆಲಕ್ಕೆ ಹಾಕಿದ್ದರು. ನನ್ನನ್ನು ಕೇಳಿರಲಿಲ್ಲ, ಕಮಿಟಿಯನ್ನೂ ಕೇಳಿರಲಿಲ್ಲ. ಈ ವಸಂತಕ್ಕೆ ಅದು ಮೊಗ್ಗು ಬಿಟ್ಟಿತು. ನಾನು ಕುಂಡದಲ್ಲಿದ್ದಾಳೆ ಎಂದುಕೊಂಡ ಹೆಂಗಸು ಆಗಲೇ ಗುದ್ದಲಿ ಹಿಡಿದು ತನ್ನ ಜಾಗ ಹುಡುಕಿಕೊಂಡಿದ್ದಳು. ಅವಳ ಬದುಕಿಗೆ ಹೋಲಿಕೆ ಕಟ್ಟುವ ಅಧಿಕಾರವೂ ನನ್ನದೇ ಎಂದು ತಿಳಿದದ್ದು ನನ್ನ ತಪ್ಪು.

ಈಗ ನನಗೆ ಅನ್ನಿಸುವುದು ಇದು. ಕಾಲಿಲ್ಲದ ಜೀವವನ್ನು ತಂದು ಇಟ್ಟುಕೊಂಡರೆ ನಾವೇ ಅದರ ದಾರಿಯಾಗಬೇಕು, ಅದಕ್ಕೆ ರಜೆಯಿಲ್ಲ. ಕಾಲಿರುವವರನ್ನು ಕರೆತಂದರೆ ನಮ್ಮ ಋಣ ತಿರುವುಮುರುವು. ಅವರ ದಾರಿಗಳನ್ನು ಮುಚ್ಚದಿರುವುದೇ ಅಲ್ಲಿ ನಾವು ಕೊಡಬೇಕಾದದ್ದು. ಗಿಡಕ್ಕೆ ಕೊಡುವಂತೆ ಮನುಷ್ಯರಿಗೆ ಕೊಡಲು ಹೋದರೆ ಅದು ಪ್ರೀತಿಯ ಹೆಸರಿನ ಕುಂಡ. ಮನುಷ್ಯರಿಗೆ ಹೇಳುವಂತೆ ‘ನೀನೇ ನೋಡಿಕೋ’ ಎಂದು ಗಿಡವನ್ನು ಬಿಟ್ಟರೆ ಅದು ನನ್ನ ಹನ್ನೊಂದು ದಿನ.

ಮನೆ ಮಾರಾಟ ನಿಲ್ಲಿಸಿದೆವು. ಶಿವರಾತ್ರಿ ಮುಗಿಸಿ ಅವ್ವ ಹಡಗಲಿಗೆ ಹೋದಳು, ಎರಡು ತಿಂಗಳಿಗೆ. ರಾತ್ರಿ ಪಕ್ಕದ ಮನೆಯ ಹುಡುಗಿ ಬಂದು ಮಲಗುತ್ತಾಳೆ. ಇದು ಸರಿಯಾದ ನಿರ್ಧಾರ ಎಂದು ಎದೆ ತಟ್ಟಿ ಹೇಳಲಾರೆ. ಎಪ್ಪತ್ತೊಂದು ವರ್ಷ, ಬಚ್ಚಲಲ್ಲಿ ಜಾರಿದರೆ? ರಾತ್ರಿ ಹನ್ನೊಂದರ ಮೇಲೆ ಆ ಕಡೆಯಿಂದ ಫೋನ್ ಬಂದರೆ ಎತ್ತುವ ಮುಂಚೆ ಕೈ ನಡುಗುತ್ತದೆ. ದಾರಿ ತೆರೆದಿಟ್ಟವನಿಗೆ ಈ ಭಯ ತಪ್ಪಿದ್ದಲ್ಲ ಎಂದು ಕಾಣುತ್ತದೆ. ಬಾಗಿಲು ಹಾಕಿ ನಾನು ಪಡೆಯುತ್ತಿದ್ದ ನೆಮ್ಮದಿ ನನ್ನದಾಗಿತ್ತು, ಅವಳದಾಗಿರಲಿಲ್ಲ.

ನರ್ಸರಿಗೆ ಈ ವರ್ಷವೂ ಹೋಗಿದ್ದೆ. ಒಂದು ಜರೀಗಿಡ ಕೈಗೆತ್ತಿಕೊಂಡು, ಹೆಂಡತಿ ಕೇಳಿದಳೆಂದು ಒಂದು ಪ್ರಶ್ನೆಗೆ ನಿಂತಲ್ಲೇ ಉತ್ತರ ಹುಡುಕಿದೆ: ನಾವು ಊರಿಗೆ ಹೋದಾಗ ಇದಕ್ಕೆ ನೀರು ಯಾರು? ಹದಿನಾಲ್ಕು ಕುಂಡ ಈಗ ಎಂಟಾಗಿವೆ, ಅಷ್ಟಕ್ಕೆ ಮಾತ್ರ ನನ್ನಲ್ಲಿ ಉತ್ತರವಿದೆ. ಐದು ವರ್ಷ ಬಾಗಿಲಿಗೆ ಬಾಗಿಲು ಎದುರಿದ್ದರೂ ಹೆಸರು ಸರಿಯಾಗಿ ಗೊತ್ತಿರದಿದ್ದ ಎದುರುಮನೆಯವರ ಹತ್ತಿರ ಈಗ ನಮ್ಮ ಕೀಲಿಯ ಒಂದು ಜೋಡಿ ಇದೆ, ಅವರದು ನಮ್ಮಲ್ಲಿದೆ. ಟೈಮರನ್ನು ಬಿಚ್ಚಿಟ್ಟಿದ್ದೇನೆ.

ಜರೀಗಿಡವನ್ನು ವಾಪಸು ಇಟ್ಟು ಬಂದೆ. ಬೆಳಗ್ಗೆ ಕಾಫಿಗೆ ಮುಂಚೆ ಎಂಟು ಕುಂಡಗಳಿಗೆ ಬೆರಳು ತೂರಿಸಿ ನೋಡುತ್ತೇನೆ. ಉಗುರಿನ ಸಂದಿಯ ಮಣ್ಣು ಒಂಬತ್ತು ಗಂಟೆಯ ಮೀಟಿಂಗಿನ ತನಕ ಹೋಗುವುದಿಲ್ಲ. ಸಂಜೆ ಕೆಳಗಿಳಿದು ಪಂಪ್‌ಹೌಸಿನ ಹಿಂದಿನ ಮಲ್ಲಿಗೆಯನ್ನೂ ನೋಡಿ ಬರುತ್ತೇನೆ. ಅದಕ್ಕೆ ನಾನು ನೀರು ಹಾಕುವುದಿಲ್ಲ, ಬೇಕಾಗಿಯೂ ಇಲ್ಲ. ಸುಮ್ಮನೆ ಒಂದು ಫೋಟೋ ತೆಗೆದು ಹಡಗಲಿಗೆ ಕಳಿಸುತ್ತೇನೆ. “ಇವತ್ತು ಎಷ್ಟು ಮೊಗ್ಗು?” ಎಂದು ಆ ಕಡೆಯಿಂದ ಕೇಳುತ್ತಾರೆ. ಎಣಿಸಿ ಹೇಳುತ್ತೇನೆ.